ಪ್ಲಾಕ್ ಮೂಡದ ತಟ್ಟೆ: ಕೋಶಗಳಿಗೆ ವೈರಸ್ ಸೋಂಕು ಹಿಡಿಯದಿದ್ದಾಗ ದೋಷ ಹುಡುಕುವ ಬಗೆ

ಬಣ್ಣ ಹಾಕಿ ತೊಳೆದ ತಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದಾಗ ಆರು ವೆಲ್‌ಗಳೂ (ಕೋಶ ಬೆಳೆಸುವ ಗುಳಿಗಳೂ) ಒಂದೇ ಸಮನೆ ನೇರಳೆಯಾಗಿ ಕಾಣುವ ಅನುಭವ ವೈರಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆಲ್ಲ ಒಮ್ಮೆಯಾದರೂ ಆಗಿರುತ್ತದೆ. ಕ್ರಿಸ್ಟಲ್ ವಯೊಲೆಟ್ ಎಂಬ ಬಣ್ಣ ತಟ್ಟೆಯ ತಳಕ್ಕೆ ಅಂಟಿ ನಿಂತ ಕೋಶಗಳನ್ನು ಹಿಡಿಯುತ್ತದೆ. ವೈರಸ್ ಕೊಂದು ಕಳಚಿಸಿದ ಕೋಶಗಳ ಜಾಗ ಬಣ್ಣವಿಲ್ಲದ ದುಂಡು ಚುಕ್ಕೆಯಾಗಿ ಉಳಿಯಬೇಕು. ಆ ಚುಕ್ಕೆಯೇ ಪ್ಲಾಕ್. 1952ರಲ್ಲಿ ರೆನಾಟೊ ಡುಲ್ಬೆಕೊ ಪ್ರಾಣಿ ವೈರಸ್‌ಗಳನ್ನು ಹೀಗೆ ಒಂದೊಂದಾಗಿ ಎಣಿಸಬಹುದೆಂದು ತೋರಿಸಿದ ಮೇಲೆ, ಸೋಂಕುಕಾರಕ ವೈರಸ್ ಎಷ್ಟಿದೆ ಎಂಬ ಪ್ರಶ್ನೆಗೆ ಇಂದಿಗೂ ನಾವು ಹೆಚ್ಚಾಗಿ ನಂಬುವ ಉತ್ತರ ಈ ಚುಕ್ಕೆಗಳ ಲೆಕ್ಕವೇ ಆಗಿದೆ.

ಚುಕ್ಕೆ ಮೂಡದಿದ್ದಾಗ ಮನಸ್ಸು ನೇರವಾಗಿ ವೈರಸ್ ಕಡೆಗೆ ಓಡುತ್ತದೆ: ದಾಸ್ತಾನು, ಎಂದರೆ ಬೆಳೆಸಿಟ್ಟ ವೈರಸ್, ಸತ್ತಿರಬೇಕು, ಹೊಸದನ್ನು ಬೆಳೆಸೋಣ ಎನ್ನಿಸುತ್ತದೆ. ನನ್ನ ಅನುಭವದಲ್ಲಿ ಈ ಅವಸರವೇ ವಾರಗಟ್ಟಲೆ ಸಮಯವನ್ನು ನುಂಗಿ ಹಾಕುತ್ತದೆ, ಏಕೆಂದರೆ ಹೊಸ ದಾಸ್ತಾನನ್ನು ಬೆಳೆಸುವುದೂ ಅದೇ ಕೋಶಗಳಲ್ಲಿ. ದೋಷ ಕೋಶದಲ್ಲಿದ್ದರೆ ಎರಡನೆಯ ದಾಸ್ತಾನೂ ಮೊದಲನೆಯದರ ಹಣೆಬರಹವನ್ನೇ ಹೊತ್ತು ಬರುತ್ತದೆ. ಆದ್ದರಿಂದ ಈ ಕೈಪಿಡಿಯ ಕ್ರಮ ತಲೆಕೆಳಗಾಗಿದೆ. ಮೊದಲು ಕಂಟ್ರೋಲ್‌ಗಳು (ಹೋಲಿಕೆಗೆಂದು ಇಟ್ಟ ವೆಲ್‌ಗಳು), ಆಮೇಲೆ ಕೋಶ, ಅದರ ನಂತರ ಕೋಶಕ್ಕೂ ವೈರಸ್‌ಗೂ ನಡುವಿನ ಹೊಂದಾಣಿಕೆ, ಕೊನೆಗೆ ವೈರಸ್ ಮತ್ತು ಕೈಕೆಲಸ. ನಿಮ್ಮ ವೈರಸ್‌ಗೆ ನಿಗದಿಯಾಗಿರುವ ಜೈವಿಕ ಸುರಕ್ಷತಾ ಮಟ್ಟ ಯಾವುದೋ ಅದನ್ನು ದೋಷ ಹುಡುಕುವ ಪ್ರಯೋಗಗಳಲ್ಲಿಯೂ ಬಿಡುವಂತಿಲ್ಲ. ಸೋಂಕು ಹಿಡಿದಿಲ್ಲವೆಂದು ತೋರುವ ತಟ್ಟೆಯನ್ನೂ ಸೋಂಕಿರುವ ತಟ್ಟೆಯೆಂದೇ ತಿಳಿದು ವಿಲೇವಾರಿ ಮಾಡಬೇಕು.

ಕಂಟ್ರೋಲ್ ವೆಲ್‌ಗಳು ಏನು ಹೇಳುತ್ತಿವೆ

ತಟ್ಟೆಯಲ್ಲಿ ವೈರಸ್ ಹಾಕದ ಒಂದು ವೆಲ್ ಇದ್ದೇ ಇರುತ್ತದೆ. ಅದನ್ನು ಬಹಳ ಮಂದಿ ಕಣ್ಣಾಡಿಸಿ ಬಿಟ್ಟುಬಿಡುತ್ತಾರೆ. ದೋಷ ಹುಡುಕುವಾಗ ನೋಡಬೇಕಾದ ಮೊದಲ ವೆಲ್ ಅದೇ. ಅಲ್ಲಿ ಕೋಶಪದರ ಅಖಂಡವಾಗಿದ್ದು, ಅಂಚಿನಿಂದ ಅಂಚಿಗೆ ಒಂದೇ ದಟ್ಟಣೆಯಲ್ಲಿದ್ದರೆ ಮುಂದಿನ ವೆಲ್‌ಗಳ ಮಾತನ್ನು ಕೇಳಬಹುದು. ಅಲ್ಲಿಯೂ ಪದರ ಹರಿದಿದ್ದರೆ, ನಡುವೆ ಬೋಳಾಗಿದ್ದರೆ, ಅಥವಾ ಬಣ್ಣ ಮಸುಕಾಗಿದ್ದರೆ ಆ ತಟ್ಟೆಯಿಂದ ವೈರಸ್ ಬಗ್ಗೆ ಯಾವ ತೀರ್ಮಾನವನ್ನೂ ತೆಗೆಯಬಾರದು.

ಧನಾತ್ಮಕ ಕಂಟ್ರೋಲ್, ಎಂದರೆ ಹಿಡಿಯುತ್ತದೆಂದು ಮೊದಲೇ ಗೊತ್ತಿರುವ ವೈರಸ್, ಇಲ್ಲದೆ ನಡೆಸಿದ ಪ್ರಯೋಗ ವಿಫಲವಾದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಿಂದೆ ಟೈಟರ್ (ಒಂದು ಮಿಲಿಲೀಟರಿನಲ್ಲಿ ಸೋಂಕುಕಾರಕ ವೈರಸ್ ಎಷ್ಟಿದೆ ಎಂಬ ಸಂಖ್ಯೆ) ಅಳೆದು, ಸಣ್ಣ ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಒಂದು ಹಳೆಯ ದಾಸ್ತಾನಿನ ಕೊಳವೆಯನ್ನು ಪ್ರತಿ ಸಲ ಪಕ್ಕದಲ್ಲಿ ಓಡಿಸುವುದು ಒಳ್ಳೆಯದು. ಅದು ಎಂದಿನ ಸಂಖ್ಯೆಯನ್ನೇ ಕೊಟ್ಟರೆ ಕೋಶ, ಮೇಲ್ಪದರ (ಹೊಸ ವೈರಸ್ ದೂರ ಹರಡದಂತೆ ಕೋಶಗಳ ಮೇಲೆ ಹಾಕುವ ಗಟ್ಟಿ ಅಥವಾ ಮಂದ ಪದರ), ಬಣ್ಣ, ಇನ್‌ಕ್ಯುಬೇಟರ್ ನಾಲ್ಕೂ ಒಂದೇ ಏಟಿಗೆ ಅನುಮಾನದಿಂದ ಹೊರಗಾಗುತ್ತವೆ. ಅದೂ ಸೊನ್ನೆಯಾದರೆ ಹೊಸ ದಾಸ್ತಾನಿನ ಮೇಲೆ ಹೊರಿಸಿದ್ದ ಆರೋಪವನ್ನು ಹಿಂದಕ್ಕೆ ಪಡೆಯಬೇಕು.

ಮೂರನೆಯದಾಗಿ, ವೈರಸ್ಸನ್ನು ಹಂತ ಹಂತವಾಗಿ ಹತ್ತು ಪಟ್ಟು ತೆಳುಗೊಳಿಸುವ ಸರಣಿ ಡೈಲ್ಯೂಷನ್ ಯಾವ ಆಕಾರದಲ್ಲಿ ಸೋತಿದೆ ಎಂಬುದನ್ನು ಗಮನಿಸಬೇಕು. ಹತ್ತರ ಸರಣಿಯಲ್ಲಿ ಯಾವ ವೆಲ್‌ನಲ್ಲೂ ಪ್ಲಾಕ್ ಇಲ್ಲದಿರುವುದು ಒಂದು ಬಗೆಯ ದೋಷ. ಪ್ರತಿ ಹಂತದಲ್ಲೂ ಪ್ಲಾಕ್ ಇದ್ದು ಸಂಖ್ಯೆ ಹತ್ತು ಪಟ್ಟು ಇಳಿಯದಿರುವುದು ಇನ್ನೊಂದು. ವೈರಸ್ ದಟ್ಟವಾಗಿರುವ ವೆಲ್‌ನಲ್ಲಿ ಕೋಶಗಳು ಬದುಕಿದ್ದು ವೈರಸ್ ತೆಳುವಾಗಿರುವ ವೆಲ್‌ನಲ್ಲಿ ಸಾಯುವುದು ಮತ್ತೊಂದು. ಈ ಮೂರನೆಯದನ್ನು ಕಂಡವರು ಲೇಬಲ್ ಅದಲುಬದಲಾಗಿದೆ ಎಂದುಕೊಂಡು ತಟ್ಟೆಯನ್ನು ಎಸೆಯುವುದುಂಟು. ಎಸೆಯಬೇಡಿ, ಅದರಲ್ಲಿ ಒಂದು ದೊಡ್ಡ ಸುಳಿವಿದೆ, ಮುಂದೆ ಅದಕ್ಕೆ ಬರುತ್ತೇನೆ.

ಕೋಶ: ಮೊದಲ ಆರೋಪಿ

ಕೋಶ ಯಾವುದು ಎಂಬ ಪ್ರಶ್ನೆ ಅವಮಾನದಂತೆ ಕೇಳಿಸಬಹುದು. ಆದರೂ ಕೇಳಲೇಬೇಕು. 1951ರಲ್ಲಿ ಆರಂಭವಾದ ಹೀಲಾ ಕೋಶಸಾಲು ಎಷ್ಟು ಹುಲುಸಾಗಿ ಬೆಳೆಯುತ್ತದೆಂದರೆ, ಬೇರೆ ಬೇರೆ ಹೆಸರಿನಲ್ಲಿ ಹಂಚಿಕೆಯಾಗಿದ್ದ ಹಲವು ಮಾನವ ಕೋಶಸಾಲುಗಳು ವಾಸ್ತವದಲ್ಲಿ ಹೀಲಾ ಆಗಿದ್ದುದನ್ನು 1960ರ ದಶಕದಲ್ಲಿ ಸ್ಟಾನ್ಲಿ ಗಾರ್ಟ್ಲರ್ ಕಿಣ್ವಗಳ ಗುರುತಿನಿಂದ ತೋರಿಸಿದರು. ಒಂದೇ ಬಾಟಲಿಯ ಮೀಡಿಯಂನಿಂದ (ಕೋಶ ಬೆಳೆಸುವ ಪೋಷಕ ದ್ರವದಿಂದ) ಎರಡು ಕೋಶಸಾಲುಗಳಿಗೆ ಉಣಿಸಿದರೆ, ಅದೂ ಒಂದೇ ಪಿಪೆಟ್ಟನ್ನು ಎರಡು ಸಲ ಮುಳುಗಿಸಿದರೆ, ಇಂಥದ್ದು ಈಗಲೂ ನಡೆಯುತ್ತದೆ. ಮಾನವ ಕೋಶಗಳಾದರೆ ಎಸ್‌ಟಿಆರ್ ಎಂಬ ಡಿಎನ್‌ಎ ಗುರುತು ಪರೀಕ್ಷೆಯನ್ನು ಮಾಡಿಸುವುದು ಸುಲಭ. ವೈರಸ್ ಏಕೆ ಹಿಡಿಯುತ್ತಿಲ್ಲವೆಂದು ಎರಡು ತಿಂಗಳು ತಲೆ ಕೆಡಿಸಿಕೊಳ್ಳುವುದಕ್ಕಿಂತ ಅಂತೂ ಸುಲಭ.

ಪ್ಯಾಸೇಜ್ ಸಂಖ್ಯೆಯನ್ನು (ಕೋಶಗಳನ್ನು ಎಷ್ಟು ಸಲ ಹೊಸ ಫ್ಲಾಸ್ಕಿಗೆ ವರ್ಗಾಯಿಸಲಾಗಿದೆ ಎಂಬುದನ್ನು) ಬರೆದಿಡದ ಫ್ಲಾಸ್ಕನ್ನು ನಂಬಬಾರದು. ಒಂದೇ ಕೋಶಸಾಲು ಹತ್ತನೆಯ ಪ್ಯಾಸೇಜಿನಲ್ಲಿ ಮತ್ತು ಎಪ್ಪತ್ತನೆಯ ಪ್ಯಾಸೇಜಿನಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ: ಬೆಳವಣಿಗೆಯ ವೇಗ, ಪದರದ ನೋಟ, ವೈರಸ್ ಹಿಡಿದುಕೊಳ್ಳುವ ಮೇಲ್ಮೈಯ ಗ್ರಾಹಕಗಳ ಪ್ರಮಾಣ ಎಲ್ಲವೂ ನಿಧಾನವಾಗಿ ಜಾರುತ್ತವೆ. ಹಳೆಯ ಸಾಲನ್ನು ಬದಿಗಿಟ್ಟು, ದ್ರವ ಸಾರಜನಕದಲ್ಲಿ ಕಾಯ್ದಿಟ್ಟ ಆರಂಭದ ಕೊಳವೆಯೊಂದನ್ನು ಕರಗಿಸಿ, ಎರಡು ಮೂರು ಸಲ ವರ್ಗಾಯಿಸಿದ ಮೇಲೆ ಹಳತು ಹೊಸತುಗಳನ್ನು ಒಂದೇ ದಿನ, ಒಂದೇ ವೈರಸ್ ಡೈಲ್ಯೂಷನ್‌ನಿಂದ ಸೋಂಕಿಸಿ ನೋಡಿದರೆ ಉತ್ತರ ಸಿಗುತ್ತದೆ.

ಪದರದ ದಟ್ಟಣೆಯ ವಿಷಯ ಚಿಕ್ಕದು, ಆದರೆ ನಿತ್ಯದ್ದು. ಸೋಂಕಿಸುವ ದಿನ ಪದರ ಸುಮಾರು ಶೇ. 90ರಷ್ಟು ತುಂಬಿರಬೇಕು. ತೀರ ವಿರಳವಾಗಿದ್ದರೆ ಪ್ಲಾಕ್‌ನ ಅಂಚು ಕಾಣುವುದಿಲ್ಲ, ಖಾಲಿ ಜಾಗವೆಲ್ಲ ಪ್ಲಾಕ್‌ನಂತೆಯೇ ತೋರುತ್ತದೆ. ತುಂಬಿ ಎರಡು ದಿನ ಕಳೆದ ಪದರದಲ್ಲಿ ಕೆಲವು ವೈರಸ್‌ಗಳು ಗುಂಡುಸೂಜಿಯ ಮೊನೆಯಷ್ಟೇ ಪ್ಲಾಕ್ ಮಾಡುತ್ತವೆ. ಟ್ರಿಪ್ಸಿನ್ ಹಾಕಿ ಬಿಡಿಸಿದ ಕೋಶಗಳನ್ನು ಕೆಲವೇ ಗಂಟೆಗಳಲ್ಲಿ ಸೋಂಕಿಸುವುದೂ ಸರಿಯಲ್ಲ, ಏಕೆಂದರೆ ಟ್ರಿಪ್ಸಿನ್ ಕೋಶವನ್ನು ತಟ್ಟೆಯಿಂದ ಬಿಡಿಸುವುದರ ಜೊತೆಗೆ ಮೇಲ್ಮೈಯ ಪ್ರೋಟೀನುಗಳನ್ನೂ ಕತ್ತರಿಸುತ್ತದೆ, ಮತ್ತು ವೈರಸ್ ಹಿಡಿದುಕೊಳ್ಳಬೇಕಾದ ಗ್ರಾಹಕ ಅವುಗಳಲ್ಲಿ ಒಂದಾಗಿರಬಹುದು. ಒಂದು ರಾತ್ರಿ ಬಿಟ್ಟರೆ ಅದು ಮರಳಿ ಮೂಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಫಲಿತಾಂಶ ವಾರದಿಂದ ವಾರಕ್ಕೆ ತೂಗುಯ್ಯಾಲೆಯಾಡುತ್ತಿದ್ದರೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಅನುಮಾನಿಸಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕಾಗಿದೆ, ಏಕೆಂದರೆ ಬೇರೆ ಬ್ಯಾಕ್ಟೀರಿಯಾಗಳು ಬಿದ್ದರೆ ಮೀಡಿಯಂ ಒಂದೇ ರಾತ್ರಿಯಲ್ಲಿ ಹಳದಿಯಾಗಿ ಕದಡುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಮೈಕೋಪ್ಲಾಸ್ಮಾ ಮಾತ್ರ ಒಂದು ಮಿಲಿಲೀಟರಿಗೆ ಒಂದು ಕೋಟಿಗೂ ಮಿಕ್ಕಿ ಬೆಳೆದಿದ್ದರೂ ಮೀಡಿಯಂ ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಕೋಶಭಿತ್ತಿ ಇಲ್ಲ, ಆದ್ದರಿಂದ ಮೀಡಿಯಂಗೆ ರೂಢಿಯಂತೆ ಹಾಕುವ ಪೆನಿಸಿಲಿನ್ ಅದನ್ನು ಮುಟ್ಟುವುದಿಲ್ಲ. ಮೈ ಬಾಗುವಂಥದ್ದಾದ್ದರಿಂದ 0.2 ಮೈಕ್ರೋಮೀಟರ್ ರಂಧ್ರದ ಫಿಲ್ಟರಿನ ಮೂಲಕವೂ ನುಸುಳಬಲ್ಲದು. ಕೋಶ ಕೃಷಿಯಲ್ಲಿ ಇದರ ಇರುವಿಕೆ 1956ರಲ್ಲೇ ವರದಿಯಾಗಿದೆ, ಇಷ್ಟು ವರ್ಷಗಳಾದರೂ ಅದು ನಮ್ಮನ್ನು ಬಿಟ್ಟಿಲ್ಲ. ಹಲವು ಬಗೆಗಳು ಮೀಡಿಯಂನ ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ತಿಂದು ಮುಗಿಸುತ್ತವೆ, ಮತ್ತು ಹರ್ಪಿಸ್, ಅಡಿನೋದಂಥ ವೈರಸ್‌ಗಳಿಗೆ ತಮ್ಮ ಕಣಗಳನ್ನು ಕಟ್ಟಲು ಅದೇ ಆರ್ಜಿನಿನ್ ಬೇಕು. ಜೊತೆಗೆ ಅದು ಕೋಶದ ಸಹಜ ಪ್ರತಿರೋಧವನ್ನು ಕೆರಳಿಸಿ ಇನ್ನು ಕೆಲವು ವೈರಸ್‌ಗಳ ಬೆಳವಣಿಗೆಯನ್ನು ತಗ್ಗಿಸುವುದೂ ಉಂಟು. ಹೀಗೆ ಒಂದೇ ಸೋಂಕು ವೈರಸ್‌ನಿಂದ ವೈರಸ್‌ಗೆ ಬೇರೆ ಬೇರೆ ಪರಿಣಾಮ ಕೊಡುವುದರಿಂದ ಲಕ್ಷಣ ನೋಡಿ ಪತ್ತೆ ಮಾಡುವುದು ಅಸಾಧ್ಯ.

ನಾನು ಅದನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಡಿಎನ್‌ಎಯನ್ನು ನೀಲಿಯಾಗಿ ತೋರಿಸುವ ಡ್ಯಾಪಿ ಬಣ್ಣ ಹಾಕಿದ ಗಾಜಿನ ಚೂರಿನ ಮೇಲೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳು ಹೊಳೆಯುವಷ್ಟು ಆರೋಗ್ಯವಾಗಿದ್ದವು. ಪ್ರತಿದೀಪ್ತಿಯಲ್ಲಿ ನೋಡಿದಾಗ ದೊಡ್ಡ ನೀಲಿ ಕೋಶಕೇಂದ್ರಗಳ ಸುತ್ತ, ಏನೂ ಇರಬಾರದ ಕೋಶದ್ರವದ ಭಾಗದಲ್ಲಿ, ರವೆ ಚೆಲ್ಲಿದಂತೆ ಸಣ್ಣ ಸಣ್ಣ ನೀಲಿ ಚುಕ್ಕೆಗಳು ಕೋಶದ ಅಂಚಿನುದ್ದಕ್ಕೂ ಸಾಲುಗಟ್ಟಿದ್ದವು. ಕೇಂದ್ರದ ಹೊರಗೆ ಅಷ್ಟು ಡಿಎನ್‌ಎ ಇರಲು ಬೇರೆ ಕಾರಣವಿರಲಿಲ್ಲ. ಆರು ವಾರಗಳ ದತ್ತಾಂಶ ಆ ಒಂದು ಚಿತ್ರದೊಂದಿಗೆ ಕಸದಬುಟ್ಟಿಗೆ ಹೋಯಿತು. ಈಗ ಪಿಸಿಆರ್ ಪರೀಕ್ಷೆ ಒಂದು ಮಧ್ಯಾಹ್ನದ ಕೆಲಸ. ಆದರೆ ಪರೀಕ್ಷೆಗೆ ಮುಂಚೆ ಕೋಶಗಳನ್ನು ಎರಡು ವಾರವಾದರೂ ಆಂಟಿಬಯೋಟಿಕ್ ಇಲ್ಲದ ಮೀಡಿಯಂನಲ್ಲಿ ಬೆಳೆಸಿರಬೇಕು, ಇಲ್ಲವಾದರೆ ತಗ್ಗಿ ಕುಳಿತ ಸೋಂಕು ತಪ್ಪಿಸಿಕೊಳ್ಳುತ್ತದೆ. ಸೋಂಕು ದೃಢಪಟ್ಟರೆ ಆ ಕೋಶಗಳನ್ನು ಔಷಧಿ ಹಾಕಿ ಉಳಿಸಿಕೊಳ್ಳುವ ಪ್ರಯತ್ನಕ್ಕೆ ನಾನು ಎಂದೂ ಸಲಹೆ ಕೊಡುವುದಿಲ್ಲ, ಬೇರೆಲ್ಲೂ ಸಿಗದ ಸಾಲಾಗಿದ್ದರೆ ಮಾತು ಬೇರೆ. ಅದರಲ್ಲಿ ಬೆಳೆಸಿದ ವೈರಸ್ ದಾಸ್ತಾನೂ ಕಲುಷಿತವೇ ಎಂಬುದನ್ನು ಮರೆಯಬಾರದು: ಶುದ್ಧ ಕೋಶಗಳನ್ನು ತಂದು ಹಳೆಯ ದಾಸ್ತಾನಿನಿಂದ ಸೋಂಕಿಸಿದ ದಿನವೇ ಮೈಕೋಪ್ಲಾಸ್ಮಾ ಮರಳಿ ಮನೆಗೆ ಬಂದಂತೆ.

ಸೀರಮ್ ಬಗ್ಗೆ ಒಂದು ಮಾತು. ಹೊಸ ಬ್ಯಾಚಿನ ಸೀರಮ್ ಬಂದ ವಾರದಿಂದಲೇ ತೊಂದರೆ ಶುರುವಾಗಿದ್ದರೆ ಅದನ್ನು ಕಾಕತಾಳೀಯವೆಂದು ತಳ್ಳಿಹಾಕಬೇಡಿ. ದನದ ಸೀರಮ್‌ನಲ್ಲಿ ದನಗಳ ವೈರಸ್‌ಗಳಿಗೆ ಪ್ರತಿಕಾಯಗಳಿರಬಹುದು, ಕೆಲವು ವೈರಸ್‌ಗಳನ್ನು ತಡೆಯುವ ಇತರ ಪದಾರ್ಥಗಳಿರಬಹುದು, ಕೋಶವನ್ನು ಕೊಲ್ಲದೆ ಒಳಗೇ ಕುಳಿತುಕೊಳ್ಳುವ ದನದ ವೈರಲ್ ಅತಿಸಾರದ ವೈರಸ್ ಕೂಡ ಇರಬಹುದು. ವೈರಸ್ ಕೋಶಕ್ಕೆ ಅಂಟುವ ಆ ಒಂದು ಗಂಟೆಯ ಹೊತ್ತು ಸೀರಮ್ ಇಲ್ಲದ ಮೀಡಿಯಂ ಬಳಸಬೇಕೆಂಬ ನಿಯಮ ಇದಕ್ಕಾಗಿಯೇ ಬಂದದ್ದು.

ಕೋಶ ಆರೋಗ್ಯವಾಗಿದೆ, ಆದರೆ ಬಾಗಿಲು ತೆರೆಯುತ್ತಿಲ್ಲ

ಸೋಂಕು ಎನ್ನುವುದು ಒಂದೇ ಘಟನೆಯಲ್ಲ. ವೈರಸ್ ಮೇಲ್ಮೈಗೆ ಅಂಟಬೇಕು, ಒಳಹೊಗಬೇಕು, ಕವಚ ಬಿಚ್ಚಬೇಕು, ತನ್ನ ಜೀನೋಮನ್ನು ನಕಲು ಮಾಡಬೇಕು, ಹೊಸ ಕಣಗಳನ್ನು ಕಟ್ಟಿ ಹೊರಬಿಡಬೇಕು. ಪ್ಲಾಕ್ ಮೂಡದಿರುವುದು ಈ ಸರಪಳಿಯಲ್ಲಿ ಎಲ್ಲಿ ಕಡಿತವಾದರೂ ಒಂದೇ ರೀತಿ ಕಾಣುತ್ತದೆ, ಆದ್ದರಿಂದ ಎಲ್ಲಿ ಕಡಿತವಾಗಿದೆ ಎಂಬುದನ್ನು ಬೇರೆ ಬೇರೆ ಪರೀಕ್ಷೆಗಳಿಂದ ಬಿಡಿಸಿಕೊಳ್ಳಬೇಕಾಗುತ್ತದೆ.

ಗ್ರಾಹಕದ ಪ್ರಶ್ನೆಗೆ ದಡಾರ ವೈರಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪ್ರಯೋಗಾಲಯದಲ್ಲಿ ಪಳಗಿದ ಲಸಿಕೆ ತಳಿಗಳು ಸಿಡಿ46 ಎಂಬ ಪ್ರೋಟೀನನ್ನು ಗ್ರಾಹಕವಾಗಿ ಬಳಸುತ್ತವೆಂದು 1993ರಲ್ಲಿ ತಿಳಿಯಿತು, ಮತ್ತು ಆ ತಳಿಗಳು ಮಂಗದ ಮೂತ್ರಪಿಂಡದಿಂದ ಬಂದ ವೆರೊ ಕೋಶಗಳಲ್ಲಿ ಚೆನ್ನಾಗಿಯೇ ಬೆಳೆಯುತ್ತವೆ. ಆದರೆ ರೋಗಿಯಿಂದ ಬಂದ ಕಾಡು ತಳಿಯನ್ನು ಅದೇ ವೆರೊ ಕೋಶಗಳ ಮೇಲೆ ಹಾಕಿದರೆ ಅದು ಹಿಡಿಯಲು ಹಿಂಜರಿಯುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು ರೋಗನಿರೋಧಕ ಕೋಶಗಳ ಮೇಲಿರುವ ಸ್ಲ್ಯಾಮ್ ಎಂಬ ಬೇರೆಯೇ ಗ್ರಾಹಕವೆಂದು 2000ರಲ್ಲಿ ಗೊತ್ತಾಯಿತು. ವಾಯುನಾಳದ ಹೊದಿಕೆ ಕೋಶಗಳಲ್ಲಿ ಬಳಕೆಯಾಗುವ ನೆಕ್ಟಿನ್-4 ಪತ್ತೆಯಾದದ್ದು 2011ರಲ್ಲಿ. ಸ್ಲ್ಯಾಮ್ ಜೀನನ್ನು ಸೇರಿಸಿದ ವೆರೊ ಸಾಲಿನಲ್ಲಿ ಅದೇ ಮಾದರಿ ತಕ್ಷಣ ಹಿಡಿಯುತ್ತದೆ. ವೈರಸ್ ಎರಡು ಕಡೆಯೂ ಜೀವಂತವೇ ಇತ್ತು. ಬದಲಾದದ್ದು ಬಾಗಿಲು ಮಾತ್ರ. ಹೆಪಟೈಟಿಸ್ ಬಿ ವೈರಸ್‌ನದೂ ಹೀಗೆಯೇ: ಯಕೃತ್ತಿನಿಂದಲೇ ಬಂದ ಹೆಪ್‌ಜಿ2 ಕೋಶಗಳು ಅದಕ್ಕೆ ಮಣಿಯುತ್ತಿರಲಿಲ್ಲ, 2012ರಲ್ಲಿ ಎನ್‌ಟಿಸಿಪಿ ಎಂಬ ಗ್ರಾಹಕ ಪತ್ತೆಯಾಗಿ ಅದನ್ನು ಸೇರಿಸಿದ ಮೇಲೆ ಮಣಿದವು. ಯಾವ ಅಂಗದ ಕೋಶ ಎನ್ನುವುದು ಗ್ರಾಹಕ ಇದೆ ಎನ್ನುವುದಕ್ಕೆ ಪುರಾವೆಯಲ್ಲ.

ಪರೀಕ್ಷಿಸುವುದು ಹೀಗೆ. ಗ್ರಾಹಕದ ಪ್ರತಿಕಾಯ ಹಾಕಿ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ನೋಡಿ. ಇಡೀ ಕೋಶವನ್ನು ಅರೆದು ಮಾಡುವ ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನು ಪರೀಕ್ಷೆ ಸಾಲದು, ಅದು ಕೋಶದೊಳಗೆ ಸಿಕ್ಕಿಕೊಂಡ ಗ್ರಾಹಕವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಂಟುವಿಕೆ ನಡೆಯುತ್ತಿದೆಯೇ ಎಂದು ತಿಳಿಯಲು 4 ಡಿಗ್ರಿಯಲ್ಲಿ ವೈರಸ್ ಹಾಕಿ, ಒಂದು ಗಂಟೆಯ ನಂತರ ತಣ್ಣನೆಯ ದ್ರಾವಣದಲ್ಲಿ ಮೂರು ಸಲ ತೊಳೆದು, ಉಳಿದ ವೈರಸ್ ಆರ್‌ಎನ್‌ಎಯನ್ನು ಅಳೆಯಬಹುದು: ಆ ಚಳಿಯಲ್ಲಿ ವೈರಸ್ ಅಂಟುತ್ತದೆ, ಆದರೆ ಒಳಹೊಗುವುದಿಲ್ಲ. ಇದೇ ತಟ್ಟೆಯ ಜೋಡಿಯನ್ನು 37 ಡಿಗ್ರಿಗೆ ಏರಿಸಿ, ಹೊರಗೆ ಉಳಿದದ್ದನ್ನು ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ಹಾಕಿ ಕಳಚಿದರೆ ಒಳಹೊಕ್ಕದ್ದು ಎಷ್ಟೆಂದು ಸಿಗುತ್ತದೆ.

ಗ್ರಾಹಕವಿದ್ದೂ ಬಾಗಿಲು ತೆರೆಯದಿರಲು ಇನ್ನೊಂದು ಕಾರಣ ಪ್ರೋಟಿಯೇಸ್. ಇನ್‌ಫ್ಲುಯೆಂಜಾ ವೈರಸ್‌ನ ಹೀಮಾಗ್ಲುಟಿನಿನ್ ಪ್ರೋಟೀನು ಎರಡು ತುಂಡಾಗಿ ಕತ್ತರಿಸಿದಾಗ ಮಾತ್ರ ಕೋಶದ ಪೊರೆಯೊಂದಿಗೆ ಬೆಸೆಯಬಲ್ಲದು. ವಾಯುನಾಳದಲ್ಲಿ ಈ ಕೆಲಸಕ್ಕೆ ಕಿಣ್ವಗಳಿವೆ, ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಕೋಶದ ತಟ್ಟೆಯಲ್ಲಿ ನಾವೇ ಟ್ರಿಪ್ಸಿನ್ ಹಾಕಬೇಕು. ಹಾಕದಿದ್ದರೆ ಮೊದಲ ಸುತ್ತಿನ ಸೋಂಕು ನಡೆಯುತ್ತದೆ, ಹೊಸ ಕಣಗಳೂ ಹೊರಬರುತ್ತವೆ, ಆದರೆ ಅವು ಪಕ್ಕದ ಕೋಶಕ್ಕೆ ದಾಟಲಾರವು, ಮತ್ತು ಪ್ಲಾಕ್ ಎಂಬುದು ಈ ದಾಟುವಿಕೆಯ ಗುರುತೇ ಆಗಿದೆ. ಟ್ರಿಪ್ಸಿನ್ ಹಾಕಿದ್ದೇವೆ, ಆದರೂ ಪ್ಲಾಕ್ ಇಲ್ಲ ಎಂದು ದೂರುವವರ ಮೇಲ್ಪದರದಲ್ಲಿ ಬಹುಪಾಲು ಸೀರಮ್ ಇರುತ್ತದೆ. ಸೀರಮ್‌ನಲ್ಲಿ ಟ್ರಿಪ್ಸಿನ್ ತಡೆಯುವ ಪದಾರ್ಥಗಳು ಹೇರಳ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಪ್ರಮಾಣ ಮೀರಿದರೆ ಟ್ರಿಪ್ಸಿನ್ ಕೋಶಪದರವನ್ನೇ ಎಬ್ಬಿಸಿಬಿಡುತ್ತದೆ, ಆದ್ದರಿಂದ ವೈರಸ್ ಇಲ್ಲದ ವೆಲ್‌ಗೂ ಅಷ್ಟೇ ಟ್ರಿಪ್ಸಿನ್ ಹಾಕಿ ಹೋಲಿಸಬೇಕು.

ಕೋಶದ ಆಯ್ಕೆ ಫಲಿತಾಂಶವನ್ನು ಶೂನ್ಯ ಮಾಡದೆಯೂ ದಾರಿ ತಪ್ಪಿಸಬಲ್ಲದು. ಸಾರ್ಸ್-ಕೋವ್-2 ವೈರಸ್ ಟಿಎಂಪಿಆರ್‌ಎಸ್‌ಎಸ್2 ಎಂಬ ಪ್ರೋಟಿಯೇಸ್ ಇರುವ ಶ್ವಾಸಕೋಶದ ಕೋಶಗಳಿಗೆ ಮೇಲ್ಮೈಯಿಂದಲೇ ನುಗ್ಗುತ್ತದೆ. ಆ ಪ್ರೋಟಿಯೇಸ್ ಬಹಳ ಕಡಿಮೆಯಿರುವ ವೆರೊ ಕೋಶಗಳಲ್ಲಿ ಎಂಡೊಸೋಮ್ ಎಂಬ ಒಳಚೀಲದ ಮೂಲಕ ಹೋಗುತ್ತದೆ. ಎಂಡೊಸೋಮಿನ ಆಮ್ಲತೆಯನ್ನು ತಗ್ಗಿಸುವ ಕ್ಲೋರೊಕ್ವಿನ್ 2020ರಲ್ಲಿ ವೆರೊ ಕೋಶಗಳಲ್ಲಿ ಸೋಂಕನ್ನು ತಡೆದು, ಕ್ಯಾಲು-3 ಎಂಬ ಶ್ವಾಸಕೋಶ ಕೋಶಗಳಲ್ಲಿ ತಡೆಯದೆ ಹೋದದ್ದು ಈ ಕಾರಣಕ್ಕೆ. ಎರಡು ಪ್ರಯೋಗಾಲಯಗಳ ಫಲಿತಾಂಶ ಒಂದಕ್ಕೊಂದು ವಿರುದ್ಧವಾದಾಗ ಯಾರ ಕೈ ತಪ್ಪಿತು ಎಂದು ವಾದಿಸುವ ಮುನ್ನ ಯಾರ ಕೋಶ ಯಾವುದು ಎಂದು ವಿಚಾರಿಸಿಕೊಳ್ಳುವುದು ಲೇಸು. ಅದೇ ವೈರಸ್ಸನ್ನು ವೆರೊ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ಅದರ ಸ್ಪೈಕ್ ಪ್ರೋಟೀನಿನ ಫ್ಯೂರಿನ್ ಕತ್ತರಿಕೆಯ ತಾಣ ಅಳಿದುಹೋದ ರೂಪಗಳು ಮೇಲುಗೈ ಪಡೆಯುವುದೂ ಕಂಡುಬಂದಿದೆ. ಹಾಗಾಗಿ ದಾಸ್ತಾನಿನ ಜೀನೋಮನ್ನು ಆಗಾಗ ಓದಿಸಬೇಕು.

ದಟ್ಟ ವೆಲ್‌ನಲ್ಲಿ ಬದುಕು, ತೆಳು ವೆಲ್‌ನಲ್ಲಿ ಸಾವು

ಹಿಂದೆ ಬಿಟ್ಟುಬಂದ ಸುಳಿವಿಗೆ ಈಗ ಬರೋಣ. ಹೆಚ್ಚು ವೈರಸ್ ಹಾಕಿದ ವೆಲ್‌ನಲ್ಲಿ ಕೋಶಗಳು ಉಳಿದು, ನೂರು ಪಟ್ಟು ತೆಳುವಾದ ವೆಲ್‌ನಲ್ಲಿ ಪ್ಲಾಕ್ ಮೂಡಿದರೆ ದಾಸ್ತಾನಿನಲ್ಲಿ ವೈರಸ್ ಜೊತೆಗೆ ವೈರಸ್ಸನ್ನು ತಡೆಯುವ ಇನ್ನೇನೋ ಇದೆ ಎಂದರ್ಥ; ಅದು ತೆಳುವಾದಾಗ ತಡೆ ಸಡಿಲವಾಗುತ್ತದೆ. ಸಾಮಾನ್ಯವಾಗಿ ಎರಡೇ ಆರೋಪಿಗಳು.

ಒಂದು, ಇಂಟರ್‌ಫೆರಾನ್, ಎಂದರೆ ಕೋಶಗಳು ವೈರಸ್ಸನ್ನು ತಡೆಯಲು ಬಿಡುವ ಪ್ರೋಟೀನು. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಗುರುತಿಸಿದ್ದೇ ಇಂಥ ತಡೆಯ ಬೆನ್ನು ಹತ್ತಿ. ಸೋಂಕಿತ ಕೋಶಗಳು ಅದನ್ನು ಮೀಡಿಯಂಗೆ ಬಿಡುತ್ತವೆ. ಆ ಮೀಡಿಯಂ ಅನ್ನು ಶುದ್ಧೀಕರಿಸದೆ ದಾಸ್ತಾನಾಗಿ ಇಟ್ಟರೆ ವೈರಸ್ ಜೊತೆಗೆ ಇಂಟರ್‌ಫೆರಾನೂ ಹೊಸ ಕೋಶಗಳಿಗೆ ಹೋಗುತ್ತದೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಹಸಿರು ಮಂಗದ ಮೂತ್ರಪಿಂಡದಿಂದ ಸ್ಥಾಪಿಸಿದ ವೆರೊ ಸಾಲಿನಲ್ಲಿ ಒಂದನೆಯ ಬಗೆಯ ಇಂಟರ್‌ಫೆರಾನ್ ಜೀನುಗಳ ಗುಚ್ಛವೇ ಅಳಿದುಹೋಗಿದೆ, ಆದ್ದರಿಂದ ವೆರೊ ತಾನಾಗಿ ಅದನ್ನು ತಯಾರಿಸುವುದಿಲ್ಲ. ಇಲ್ಲೊಂದು ಬಲೆಯಿದೆ: ತಯಾರಿಸದಿದ್ದರೂ ಹೊರಗಿನಿಂದ ಬಂದ ಇಂಟರ್‌ಫೆರಾನಿಗೆ ವೆರೊ ಪ್ರತಿಕ್ರಿಯಿಸುತ್ತದೆ. ಮಾನವ ಕೋಶಗಳಲ್ಲಿ ಬೆಳೆಸಿದ ದಾಸ್ತಾನನ್ನು ವೆರೊ ಮೇಲೆ ಅಳೆಯುವಾಗ ಟೈಟರ್ ಕಡಿಮೆ ಬರಲು ಇದೂ ಕಾರಣವಾಗಬಹುದು.

ಎರಡು, ದೋಷಪೂರಿತ ಅಡ್ಡಿ ಕಣಗಳು. ಹೆಚ್ಚು ಎಂಒಐನಲ್ಲಿ (ಕೋಶಗಳಿಗೆ ಹಾಕಿದ ವೈರಸ್‌ನ ಅನುಪಾತದಲ್ಲಿ), ಎಂದರೆ ಒಂದು ಕೋಶಕ್ಕೆ ಹಲವು ವೈರಸ್ ಬೀಳುವಂತೆ, ದಾಸ್ತಾನನ್ನು ಮೇಲಿಂದ ಮೇಲೆ ಬೆಳೆಸಿದಾಗ ಜೀನೋಮಿನ ದೊಡ್ಡ ಭಾಗ ಕಳೆದುಕೊಂಡ ಕಣಗಳು ಹುಟ್ಟಿಕೊಳ್ಳುತ್ತವೆ. ತಾವಾಗಿ ಬೆಳೆಯಲಾರವು, ಆದರೆ ಪೂರ್ಣ ವೈರಸ್ ಇರುವ ಕೋಶದಲ್ಲಿ ಅದರ ಸಾಮಗ್ರಿಯನ್ನೇ ಕಬಳಿಸಿ, ಚಿಕ್ಕ ಜೀನೋಮಾದ್ದರಿಂದ ಬೇಗ ನಕಲಾಗಿ, ಒಡೆಯನನ್ನೇ ಹಸಿವಿಗೆ ತಳ್ಳುತ್ತವೆ. ಇನ್‌ಫ್ಲುಯೆಂಜಾದಲ್ಲಿ ಫಾನ್ ಮ್ಯಾಗ್ನಸ್ ಬಹಳ ಹಿಂದೆಯೇ ಗಮನಿಸಿದ ವಿದ್ಯಮಾನವಿದು. ಕಡಿಮೆ ಎಂಒಐನಲ್ಲಿ, 0.01ರ ಆಸುಪಾಸಿನಲ್ಲಿ, ದಾಸ್ತಾನು ಬೆಳೆಸಬೇಕೆಂಬ ನಿಯಮದ ಹಿಂದಿನ ಕಾರಣ ಇದೇ.

ಇವೆರಡನ್ನೂ ಬೇರ್ಪಡಿಸುವ ಉಪಾಯ ಹಳೆಯದು, ಈಗಲೂ ಚೊಕ್ಕವಾದದ್ದು. ದಾಸ್ತಾನಿನ ಒಂದು ಪಾಲಿಗೆ ನೇರಳಾತೀತ ಕಿರಣ ಹಾಯಿಸಿ ಎಲ್ಲ ಜೀನೋಮುಗಳನ್ನೂ ಹಾಳು ಮಾಡಿ, ಅದನ್ನು ಕೋಶಗಳ ಮೇಲೆ ಒಂದು ರಾತ್ರಿ ಇಟ್ಟು, ಮರುದಿನ ಒಳ್ಳೆಯ ವೈರಸ್ ಹಾಕಿ. ತಡೆ ಮಾಯವಾದರೆ ಅಡ್ಡಿ ಕಣಗಳು, ತಡೆ ಉಳಿದರೆ ಇಂಟರ್‌ಫೆರಾನ್ ಎಂದು ಅನುಮಾನಿಸಬಹುದು. ಒಂದನೆಯ ಬಗೆಯ ಇಂಟರ್‌ಫೆರಾನ್ ಪಿಎಚ್ 2ರ ಆಮ್ಲವನ್ನೂ ತಾಳಿಕೊಳ್ಳುತ್ತದೆ ಎಂಬುದು ಇನ್ನೊಂದು ಸಾಕ್ಷಿ. ಅಡ್ಡಿ ಕಣಗಳಾಗಿದ್ದರೆ ಒಂಟಿಯಾಗಿ ನಿಂತ ಒಂದು ಪ್ಲಾಕನ್ನು ಪಿಪೆಟ್ ತುದಿಯಿಂದ ಎತ್ತಿ, ಅದರಿಂದ ಹೊಸ ಸಾಲು ಹಿಡಿಯುವುದೇ ಪರಿಹಾರ. ಇಂಟರ್‌ಫೆರಾನ್ ಆಗಿದ್ದರೆ ಸಕ್ಕರೆ ದ್ರಾವಣದ ಹಾಸಿನ ಮೂಲಕ ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ವೈರಸ್ಸನ್ನು ತಳಕ್ಕಿಳಿಸಿ ಮೀಡಿಯಂ ಬದಲಿಸಿದರೆ ಸಾಕು.

ದಾಸ್ತಾನು ಮತ್ತು ಕೈಕೆಲಸ

ಇಷ್ಟಾದ ಮೇಲೆ ದಾಸ್ತಾನಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹೊದಿಕೆಯುಳ್ಳ ವೈರಸ್ ಪ್ರತಿ ಸಲ ಹೆಪ್ಪುಗಟ್ಟಿ ಕರಗಿದಾಗಲೂ ಸೋಂಕುಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಒಂದು ಕೊಳವೆ ಒಂದೇ ಸಲ ಕರಗಬೇಕು, ಉಳಿದದ್ದು ವಾಪಸು ಹೋಗಬಾರದು. ಮೈನಸ್ 20 ಡಿಗ್ರಿಯ, ಅದರಲ್ಲೂ ತಾನಾಗಿ ಹಿಮ ಕರಗಿಸಿಕೊಳ್ಳುವ ಫ್ರೀಜರ್ ವೈರಸ್ ಇಡುವ ಜಾಗವಲ್ಲ. ಡೈಲ್ಯೂಷನ್ ಮಾಡುವಾಗ ಪ್ರತಿ ಹಂತಕ್ಕೂ ಪಿಪೆಟ್ ತುದಿ ಬದಲಿಸದಿದ್ದರೆ ಹಿಂದಿನ ಕೊಳವೆಯ ದಟ್ಟ ವೈರಸ್ ಮುಂದಿನದಕ್ಕೆ ಹೋಗಿ, ಸಂಖ್ಯೆ ಹತ್ತು ಪಟ್ಟು ಇಳಿಯದೆ ನಿಲ್ಲುತ್ತದೆ.

ಕೈಕೆಲಸದ ದೋಷಗಳಿಗೆ ಒಂದು ಗುಣವಿದೆ: ಅವು ತಟ್ಟೆಯ ಮೇಲೆ ಚಿತ್ರ ಬಿಡಿಸುತ್ತವೆ. ನಡುವೆ ಮಾತ್ರ ಕೋಶ ಸತ್ತು ದುಂಡಗೆ ಬೋಳಾಗಿದ್ದರೆ ವೈರಸ್ ಅಂಟುವ ಹೊತ್ತಿನಲ್ಲಿ ಪದರ ಒಣಗಿದೆ. ಹಾಕಿದ ದ್ರವ ಕಡಿಮೆಯಾಗಿ, ಹದಿನೈದು ನಿಮಿಷಕ್ಕೊಮ್ಮೆ ತಟ್ಟೆಯನ್ನು ಅಲುಗಿಸುವುದು ಮರೆತುಹೋಗಿದೆ. ದ್ರವ ಬಿಟ್ಟ ಜಾಗದಲ್ಲೇ ಒಂದು ಗೀರು ಇದ್ದರೆ ಪಿಪೆಟ್ ತುದಿ ತಾಗಿದೆ ಅಥವಾ ದ್ರವ ರಭಸದಿಂದ ಬಿದ್ದಿದೆ. ಎಲ್ಲ ವೆಲ್‌ಗಳೂ, ಕಂಟ್ರೋಲ್ ಸಹಿತ, ಸತ್ತಿದ್ದರೆ ಮೇಲ್ಪದರವಾಗಿ ಸುರಿದ ಅಗರೋಸ್ ತೀರ ಬಿಸಿಯಾಗಿತ್ತು; 42 ಡಿಗ್ರಿಯ ಸುತ್ತಮುತ್ತ ಇರಬೇಕಾದದ್ದನ್ನು ಕೈಯ ಅಂದಾಜಿಗೆ ಬಿಡದೆ ಥರ್ಮಾಮೀಟರಿನಿಂದ ನೋಡಬೇಕು. ಪ್ಲಾಕ್‌ಗಳು ಧೂಮಕೇತುವಿನಂತೆ ಬಾಲ ಬಿಟ್ಟಿದ್ದರೆ ಮೇಲ್ಪದರ ಸರಿಯಾಗಿ ಗಟ್ಟಿಯಾಗಿರಲಿಲ್ಲ, ಅಥವಾ ದ್ರವರೂಪದ ಮೀಥೈಲ್ ಸೆಲ್ಯುಲೋಸ್ ಮೇಲ್ಪದರವಿದ್ದ ತಟ್ಟೆಯನ್ನು ಯಾರೋ ನಡುವೆ ಸರಿಸಿದ್ದಾರೆ. ನ್ಯೂಟ್ರಲ್ ರೆಡ್ ಬಳಸುವವರು ಬೆಳಕನ್ನೂ ಅನುಮಾನಿಸಬೇಕು: ಆ ಬಣ್ಣ ಒಳಸೇರಿದ ವೈರಸ್ ಬೆಳಕು ಬಿದ್ದೊಡನೆ ನಿಷ್ಕ್ರಿಯವಾಗಬಹುದು.

ಒಮ್ಮೆ ನಮಗೆ ತಟ್ಟೆಯ ಪ್ರತಿ ವೆಲ್‌ನಲ್ಲೂ ಪ್ಲಾಕ್‌ಗಳು ಬಿದಿಗೆ ಚಂದ್ರನ ಆಕಾರದಲ್ಲಿ, ಒಂದೇ ಬದಿಗೆ ಗುಂಪಾಗಿ ಬರತೊಡಗಿದವು. ವೈರಸ್ ಬದಲಿಸಿದೆವು, ಕೋಶ ಬದಲಿಸಿದೆವು, ಚಂದ್ರ ಹೋಗಲಿಲ್ಲ. ಕೊನೆಗೆ ಒಬ್ಬ ವಿದ್ಯಾರ್ಥಿ ಖಾಲಿ ತಟ್ಟೆಗೆ ಬಣ್ಣದ ನೀರು ಹಾಕಿ ಇನ್‌ಕ್ಯುಬೇಟರಿನ ಆ ತಟ್ಟಿನ ಮೇಲಿಟ್ಟು ಬಗ್ಗಿ ನೋಡಿದ. ನೀರು ಒಂದು ಮೂಲೆಗೆ ಜಾರಿತ್ತು. ತಟ್ಟನ್ನು ತೊಳೆದು ಮರಳಿ ಜೋಡಿಸಿದವರು ಒಂದು ಕೊಕ್ಕೆಯನ್ನು ಒಂದು ಮೆಟ್ಟಿಲು ಕೆಳಗೆ ಸಿಕ್ಕಿಸಿದ್ದರು.

ಲೆಕ್ಕ ಒಪ್ಪದಿದ್ದಾಗ

ಪ್ಲಾಕ್ ಬಂದಿದೆ, ಟೈಟರ್ ಸಿಕ್ಕಿದೆ, ಆದರೆ ಮುಂದಿನ ಪ್ರಯೋಗ ಆ ಟೈಟರಿನ ಮಾತು ಕೇಳುತ್ತಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಲೆಕ್ಕದ ದೂರುಗಳೇ. ಹತ್ತರ ಐದನೆಯ ಡೈಲ್ಯೂಷನ್‌ನ 0.2 ಮಿಲಿಲೀಟರ್ ಹಾಕಿ 40 ಪ್ಲಾಕ್ ಎಣಿಸಿದರೆ ಮಿಲಿಲೀಟರಿಗೆ 2 ಕೋಟಿ ಪ್ಲಾಕ್ ಘಟಕಗಳು, 0.2ರಿಂದ ಭಾಗಿಸುವುದನ್ನು ಮರೆತವರಿಗೆ 40 ಲಕ್ಷ ಬರುತ್ತದೆ, ಮತ್ತು ಆಮೇಲಿನ ಪ್ರತಿ ಪ್ರಯೋಗದಲ್ಲೂ ಅವರು ಅಂದುಕೊಂಡದ್ದಕ್ಕಿಂತ ಐದು ಪಟ್ಟು ವೈರಸ್ ಹಾಕುತ್ತಿರುತ್ತಾರೆ.

ಎಂಒಐ 1 ಎಂದರೆ ಪ್ರತಿ ಕೋಶಕ್ಕೂ ಒಂದು ವೈರಸ್ ಎಂದು ಓದುವುದು ಇನ್ನೊಂದು ತಪ್ಪು. ವೈರಸ್‌ಗಳು ಕೋಶಗಳ ಮೇಲೆ ಮಳೆಹನಿಯಂತೆ ಬೀಳುತ್ತವೆ. ಒಂದರ ಮೇಲೆ ಮೂರು, ಇನ್ನೊಂದರ ಮೇಲೆ ಸೊನ್ನೆ. ಪಾಯ್ಸನ್ ಹಂಚಿಕೆಯ ಪ್ರಕಾರ ಎಂಒಐ 1ರಲ್ಲಿ ಶೇ. 37ರಷ್ಟು ಕೋಶಗಳಿಗೆ ಒಂದೂ ತಾಗುವುದಿಲ್ಲ, 3ರಲ್ಲಿ ಶೇ. 5ರಷ್ಟು ಉಳಿದುಕೊಳ್ಳುತ್ತವೆ, 5ರಲ್ಲಿ ಶೇ. 1ಕ್ಕಿಂತ ಕಡಿಮೆ. ಪ್ರತಿದೀಪ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಕೋಶಗಳು ಮಾತ್ರ ಹೊಳೆದವು ಎಂದು ಬೇಸರಿಸುವವರ ಪ್ರಯೋಗ ಎಷ್ಟೋ ಸಲ ಸರಿಯಾಗಿಯೇ ನಡೆದಿರುತ್ತದೆ. ಎ ಕೋಶದಲ್ಲಿ ಅಳೆದ ಟೈಟರಿನಿಂದ ಬಿ ಕೋಶದ ಎಂಒಐ ಲೆಕ್ಕ ಹಾಕುವುದಂತೂ ಬರೀ ಊಹೆ.

ಪಿಸಿಆರ್ ಸಂಖ್ಯೆಗೂ ಪ್ಲಾಕ್ ಸಂಖ್ಯೆಗೂ ತಾಳೆಯಾಗದಿರುವುದು ದೋಷವೇ ಅಲ್ಲ. ಪಿಸಿಆರ್ ಜೀನೋಮುಗಳನ್ನು ಎಣಿಸುತ್ತದೆ, ಅವು ಮುರಿದ ಕಣದ್ದಾಗಲಿ ಸತ್ತ ಕಣದ್ದಾಗಲಿ. ಪೋಲಿಯೊದಂಥ ವೈರಸ್‌ನಲ್ಲಿ ಒಂದು ಪ್ಲಾಕ್ ಘಟಕಕ್ಕೆ ಹತ್ತಾರು, ಕೆಲವೊಮ್ಮೆ ನೂರಾರು ಕಣಗಳಿರುತ್ತವೆ. ಗಮನಿಸಬೇಕಾದದ್ದು ಆ ಅನುಪಾತ ಬದಲಾಗುತ್ತಿದೆಯೇ ಎಂಬುದನ್ನು. ಅನುಪಾತ ಬ್ಯಾಚಿನಿಂದ ಬ್ಯಾಚಿಗೆ ಏರುತ್ತಿದ್ದರೆ ದಾಸ್ತಾನು ಹಾಳಾಗುತ್ತಿದೆ. ಸಮಯದ ಕಂಟ್ರೋಲ್ ಇಲ್ಲದ ಪಿಸಿಆರ್ ಫಲಿತಾಂಶವನ್ನು ಸೋಂಕಿನ ಪುರಾವೆ ಎಂದು ಕರೆಯಬಾರದು: ವೈರಸ್ ಹಾಕಿ ತೊಳೆದ ತಕ್ಷಣ, ಎಂದರೆ ಸೊನ್ನೆ ಗಂಟೆಯಲ್ಲಿ, ತೆಗೆದ ಮಾದರಿಯಲ್ಲೂ ಆರ್‌ಎನ್‌ಎ ಸಿಗುತ್ತದೆ, ಅದು ನೀವೇ ಹಾಕಿದ್ದು. ಮೊದಲ ಕೆಲವು ಗಂಟೆ ಆ ಸಂಖ್ಯೆ ಇಳಿಯಬೇಕು ಇಲ್ಲವೆ ಸ್ಥಿರವಾಗಿರಬೇಕು, ಆಮೇಲೆ ಏರಬೇಕು. ಏರದೆ ಇಪ್ಪತ್ತನಾಲ್ಕು ಗಂಟೆಯೂ ಮಟ್ಟಸವಾಗಿ ಉಳಿದಿದ್ದರೆ ಕೋಶದ ಬಾಗಿಲ ಬಳಿ ಬಿದ್ದಿರುವ ವೈರಸ್ಸನ್ನೇ ಎಣಿಸುತ್ತಿದ್ದೀರಿ. ಆಗ ಗ್ರಾಹಕದ ಪರೀಕ್ಷೆಗೆ ಮರಳಿ, 4 ಡಿಗ್ರಿ ಮತ್ತು 37 ಡಿಗ್ರಿಯ ಜೋಡಿ ತಟ್ಟೆಗಳಿಂದ ಮತ್ತೆ ಶುರುಮಾಡಿ.